ಸನ್ನಿ ರಾಲಿನ್ಸ್ ಅವರ ಕಛೇರಿಗಳು ಮತ್ತು ಅವರನ್ನು ಹಿಂಬಾಲಿಸಿದ ಕೇಳುಗರು

ಮಾನ್ಯರೇ,

ಜಾಝ್ ಸಂಗೀತದ ಟೆನರ್ ಸ್ಯಾಕ್ಸೊಫೋನ್ ವಾದಕ ಸನ್ನಿ ರಾಲಿನ್ಸ್ ಅವರ ಹಳೆಯ ಅಭಿಮಾನಿಗಳು ಮಾತಿಗೆ ಕುಳಿತರೆ ಧ್ವನಿಮುದ್ರಿಕೆಗಳ ಹೆಸರಿಗಿಂತ ಮೊದಲು ಊರುಗಳ ಮತ್ತು ವರ್ಷಗಳ ಹೆಸರು ಬರುತ್ತದೆ. ಇಂಥ ವರ್ಷ ಇಂಥ ಊರಿನಲ್ಲಿ ಅವರು ಇಂಥ ಹಾಡನ್ನು ಎಷ್ಟು ಹೊತ್ತು ನುಡಿಸಿದರು, ಯಾವ ಗಳಿಗೆಯಲ್ಲಿ ವಾದನಕ್ಕೆ ಕಾವೇರಿತು, ಆಮೇಲೆ ಸಭೆ ಹೇಗೆ ಎದ್ದು ನಿಂತಿತು ಎಂಬುದನ್ನು ಅವರು ನಿನ್ನೆ ನಡೆದ ಸಂಗತಿಯಂತೆ ಹೇಳುತ್ತಾರೆ. ಅವರಲ್ಲಿ ಬಹಳ ಮಂದಿಯ ದೃಢವಾದ ಅಭಿಪ್ರಾಯವೆಂದರೆ, ರಾಲಿನ್ಸ್ ಅವರ ನಿಜವಾದ ಸಂಗೀತ ಸ್ಟುಡಿಯೋದಲ್ಲಿ ಸಿಕ್ಕಿದ್ದಕ್ಕಿಂತ ಹೆಚ್ಚಾಗಿ ವೇದಿಕೆಯ ಮೇಲೆ ಸಿಕ್ಕಿತು ಎಂಬುದು. ಈ ಅಭಿಪ್ರಾಯ ಎಲ್ಲಿಂದ ಹುಟ್ಟಿತು, ಒಬ್ಬ ವಾದಕನ ಕಛೇರಿಗಳ ಮೇಲೆ ಇಷ್ಟು ಗಾಢವಾದ ಪ್ರೀತಿ ಬೆಳೆಯಲು ಅವರ ವಾದನದಲ್ಲಿ ಏನಿತ್ತು, ಆ ಪ್ರೀತಿ ಕೊನೆಗೆ ಅವರ ಸಂಗೀತಕ್ಕೆ ಏನನ್ನು ಮಾಡಿತು ಎಂಬುದೇ ಇಂದಿನ ನನ್ನ ಮಾತಿನ ವಿಷಯ. ಅವರನ್ನು ಎದುರಿಗೆ ಕುಳಿತು ಕೇಳುವ ಭಾಗ್ಯ ನನಗೆ ದೊರೆಯಲಿಲ್ಲ. ಕಛೇರಿಗಳ ಧ್ವನಿಮುದ್ರಣಗಳನ್ನು ಹಲವು ವರ್ಷಗಳಿಂದ ಪ್ರೀತಿಯಿಂದ ಕೇಳುತ್ತ ಬಂದವನ ನೆಲೆಯಿಂದ ಮಾತ್ರ ನಾನು ಮಾತನಾಡಬಲ್ಲೆ.

ಮೊದಲು ವಾದ್ಯದ ಬಗ್ಗೆ ಸ್ವಲ್ಪ ಹೇಳಬೇಕು. ಬೆಲ್ಜಿಯಮ್ ಮೂಲದ ಅಡೋಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ಈ ವಾದ್ಯದ ಮೈ ಲೋಹದ್ದಾದರೂ ಅದರ ನಾದ ಹುಟ್ಟುವುದು ಬಾಯಿತುದಿಗೆ ಕಟ್ಟಿದ ಒಂದೇ ಒಂದು ತೆಳುವಾದ ಬಿದಿರಿನಂಥ ಪಟ್ಟಿಯ ಕಂಪನದಿಂದ. ಆ ಪಟ್ಟಿಯ ಮೇಲೆ ತುಟಿ ಎಷ್ಟು ಒತ್ತುತ್ತದೆ, ಗಂಟಲು ಎಷ್ಟು ತೆರೆದಿದೆ, ಉಸಿರು ಯಾವ ರಭಸದಲ್ಲಿ ಬರುತ್ತಿದೆ ಎಂಬುದರ ಮೇಲೆ ಒಂದೇ ಸ್ವರ ಪಿಸುಮಾತಾಗಬಹುದು, ಗದರಿಕೆಯಾಗಬಹುದು, ನಗುವಾಗಬಹುದು. ಈ ಕುಟುಂಬದ ವಾದ್ಯಗಳಲ್ಲಿ ಟೆನರ್‌ನ ಸ್ವರವ್ಯಾಪ್ತಿ ಗಂಡಸಿನ ಮಾತಿನ ಧ್ವನಿಗೆ ಹತ್ತಿರವಾದದ್ದು. ಹಾಗಾಗಿ ಟೆನರ್ ವಾದಕರನ್ನು ಮೆಚ್ಚುವವರು ಅವರ 'ಸೌಂಡ್' ಎಂದು ಹೇಳುವಾಗ ಬೆರಳಿನ ವೇಗವನ್ನು ಹೇಳುತ್ತಿರುವುದಿಲ್ಲ. ಕಣ್ಣು ಮುಚ್ಚಿ ಕೇಳಿದರೂ ಇವರೇ ಎಂದು ಗುರುತಿಸಬಹುದಾದ ಕಂಠವನ್ನು ಹೇಳುತ್ತಿರುತ್ತಾರೆ. ಸಭಾಂಗಣದಲ್ಲಿ ಆ ಕಂಠ ಗೋಡೆಗಳಿಗೆ ತಗುಲಿ ಕೇಳುಗನ ಮೈಯನ್ನು ಮುಟ್ಟುವ ಬಗೆಯನ್ನು ಮೈಕ್ರೊಫೋನ್ ಅರ್ಧದಷ್ಟು ಮಾತ್ರ ಹಿಡಿಯುತ್ತದೆ ಎಂಬ ಅವರ ದೂರಿನಲ್ಲಿ ಸತ್ಯವಿದೆ ಎಂದೇ ನಾನು ಭಾವಿಸುತ್ತೇನೆ.

ಜಾಝ್‌ನಲ್ಲಿ ಟೆನರ್‌ಗೆ ಘನತೆ ತಂದುಕೊಟ್ಟವರು ಕೋಲ್ಮನ್ ಹಾಕಿನ್ಸ್. 1939ರ ಅಕ್ಟೋಬರ್‌ನಲ್ಲಿ ಅವರು ಮುದ್ರಿಸಿದ 'ಬಾಡಿ ಅಂಡ್ ಸೋಲ್' ಎಂಬ ಹಾಡಿನಲ್ಲಿ ಮೂಲ ಧಾಟಿ ಆರಂಭದ ಕೆಲವು ಕ್ಷಣಗಳಲ್ಲಿ ಮಾತ್ರ ಸುಳಿದು ಮಾಯವಾಗುತ್ತದೆ. ಉಳಿದದ್ದೆಲ್ಲ ಅವರು ಆ ಕ್ಷಣದಲ್ಲಿ ಕಟ್ಟಿದ್ದು. ಅಂಥ ವಾದನ ಜನಪ್ರಿಯವೂ ಆಯಿತು. 1930ರ ಸೆಪ್ಟೆಂಬರ್ 7ರಂದು ನ್ಯೂಯಾರ್ಕಿನಲ್ಲಿ ಹುಟ್ಟಿ ಹಾರ್ಲೆಮ್‌ನಲ್ಲಿ ಬೆಳೆದ ರಾಲಿನ್ಸ್ ಅವರಿಗೆ ಹಾಕಿನ್ಸ್ ಅವರೇ ಆದರ್ಶ. ಹುಡುಗನಾಗಿದ್ದಾಗ ಅವರೂ ಒಬ್ಬ ಅಭಿಮಾನಿಯೇ ಆಗಿದ್ದರು ಎಂಬುದನ್ನು ನಾವು ಮರೆಯಬಾರದು. ಇಪ್ಪತ್ತರ ಆಸುಪಾಸಿನಲ್ಲೇ ಬಡ್ ಪೊವೆಲ್, ಮೈಲ್ಸ್ ಡೇವಿಸ್, ಥೆಲೋನಿಯಸ್ ಮಂಕ್ ಅವರಂಥ ಹೆಸರಾಂತ ಜಾಝ್ ವಾದಕರ ಜೊತೆ ನುಡಿಸಿದ ಅವರು 1955ರ ಕೊನೆಗೆ ಟ್ರಂಪೆಟ್ ವಾದಕ ಕ್ಲಿಫರ್ಡ್ ಬ್ರೌನ್ ಮತ್ತು ಡ್ರಮ್ಸ್ ವಾದಕ ಮ್ಯಾಕ್ಸ್ ರೋಚ್ ಅವರ ತಂಡವನ್ನು ಸೇರಿದರು. 1956ರ ಜೂನ್ 22ರಂದು ಮುದ್ರಣಗೊಂಡ 'ಸ್ಯಾಕ್ಸೊಫೋನ್ ಕೊಲೋಸಸ್' ಹೊರಬಂದ ಮೇಲೆ ಅವರನ್ನು ತಮ್ಮ ತಲೆಮಾರಿನ ಮುಂಚೂಣಿಯ ಟೆನರ್ ವಾದಕರೆಂದು ಪರಿಗಣಿಸಲಾಯಿತು.

ಆ ಮುದ್ರಿಕೆಯಲ್ಲಿರುವ 'ಬ್ಲೂ 7' ಎಂಬ ವಾದನವನ್ನು ಇಟ್ಟುಕೊಂಡು ಸಂಗೀತರಚನಕಾರ ಗುಂಥರ್ ಶುಲ್ಲರ್ 1958ರಲ್ಲಿ ಒಂದು ದೀರ್ಘ ಲೇಖನ ಬರೆದರು. ರಾಲಿನ್ಸ್ ಸ್ವರಗುಚ್ಛಗಳ (ಒಟ್ಟಿಗೆ ನುಡಿಯುವ ಹಲವು ಸ್ವರಗಳ) ಮೇಲೆ ಹೊಸ ಹೊಸ ಸ್ವರಗಳನ್ನು ಸುಮ್ಮನೆ ಪೋಣಿಸುತ್ತ ಹೋಗುವುದಿಲ್ಲ, ಆರಂಭದ ಒಂದು ಪುಟ್ಟ ಸ್ವರಸಮೂಹವನ್ನು ಹಿಡಿದು ಅದನ್ನೇ ಒಡೆದು, ತಿರುಗಿಸಿ, ಹಿಗ್ಗಿಸಿ ಇಡೀ ಕಟ್ಟಡವನ್ನು ಎಬ್ಬಿಸುತ್ತಾರೆ ಎಂಬುದು ಅದರ ಸಾರಾಂಶ. ಒಂದೇ ಸಾಲನ್ನು ಹಿಡಿದು ನಿರವಲ್ ಮಾಡುವ ಗಾಯಕರನ್ನು ಕೇಳಿ ಬಲ್ಲವರಿಗೆ ಈ ಕ್ರಮದ ರುಚಿಯನ್ನು ವಿವರಿಸಬೇಕಾಗಿಲ್ಲ: ಸಾಲು ಗೊತ್ತಿದ್ದವನಿಗೇ ಅದರ ಪ್ರತಿಯೊಂದು ತಿರುವೂ ಹೊಸದಾಗಿ ಕಾಣುತ್ತದೆ. ಜಾಝ್ ಕೇಳುಗನ ಸ್ಥಿತಿಯೂ ಅದೇ. ಹನ್ನೆರಡು ಅಥವಾ ಮೂವತ್ತೆರಡು ಬಾರ್‌ಗಳ (ತಾಳದ ಸಮಾನ ಅಳತೆಗಳ) ಒಂದು ಆವರ್ತ ತಂಡದವರ ಮನಸ್ಸಿನಲ್ಲಿ ಸುತ್ತುತ್ತಲೇ ಇರುತ್ತದೆ. ರಸಿಕನ ಮನಸ್ಸಿನಲ್ಲೂ ಅದು ಸುತ್ತುತ್ತಿದ್ದರೆ ವಾದಕ ಅದರಿಂದ ಎಷ್ಟು ದೂರ ಹೋದ, ಹೇಗೆ ಮರಳಿದ ಎಂಬುದು ಅವನಿಗೆ ತಿಳಿಯುತ್ತದೆ. ಹೀಗಾಗಿ ಒಬ್ಬ ವಾದಕನನ್ನು ಒಂದೇ ಹಾಡಿನಲ್ಲಿ ಮತ್ತೆ ಮತ್ತೆ ಕೇಳಲು ಬರುವವರಿಗೆ ಸಿಗುವ ಸುಖ ಮೊದಲ ಬಾರಿ ಬಂದವರ ಸುಖಕ್ಕಿಂತ ಬೇರೆ. ಶುಲ್ಲರ್ ಅವರ ವಿಶ್ಲೇಷಣೆ ರಾಲಿನ್ಸ್ ಅವರಿಗೆ ಮುಜುಗರ ತಂದಿತು. ತಾನು ಅರಿವಿಲ್ಲದೆ ಮಾಡುತ್ತಿದ್ದುದನ್ನು ಹೀಗೆ ಬಿಡಿಸಿ ತೋರಿಸಿದ ಮೇಲೆ ನುಡಿಸುವುದೇ ಕಷ್ಟವಾಯಿತು ಎಂಬ ಅರ್ಥದ ಮಾತನ್ನು ಅವರು ಮುಂದೆ ಹೇಳಿದ್ದಾರೆ. ಮೆಚ್ಚುಗೆ ಕಲಾವಿದನ ಮೇಲೆ ಭಾರವಾಗಿ ಕೂರಬಲ್ಲದು ಎಂಬ ವಿಷಯಕ್ಕೆ ಮುಂದೆ ಬರುತ್ತೇನೆ.

ಕಛೇರಿಯ ರಾಲಿನ್ಸ್ ಹೇಗಿದ್ದರು ಎಂಬುದನ್ನು ಲೋಕಕ್ಕೆ ಮೊದಲು ತೋರಿಸಿದ್ದು 1957ರ ನವೆಂಬರ್ 3, ಭಾನುವಾರ. ಸ್ಥಳ ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್ ಭಾಗದ 'ವಿಲೇಜ್ ವ್ಯಾನ್‌ಗಾರ್ಡ್'. ಮ್ಯಾಕ್ಸ್ ಗಾರ್ಡನ್ 1935ರಲ್ಲಿ ಆರಂಭಿಸಿದ ಈ ಕ್ಲಬ್ ರಸ್ತೆಯ ಮಟ್ಟದಿಂದ ಮೆಟ್ಟಿಲಿಳಿದು ಹೋಗಬೇಕಾದ ಒಂದು ನೆಲಮಾಳಿಗೆ. ಅದರ ಗೋಡೆಗಳು ವೇದಿಕೆಯ ಕಡೆಗೆ ಇಕ್ಕಟ್ಟಾಗುತ್ತ ಬರುತ್ತವೆ. ನೂರ ಇಪ್ಪತ್ತಕ್ಕೂ ಸ್ವಲ್ಪ ಹೆಚ್ಚು ಮಂದಿ ಕೂರಬಹುದಾದ ಜಾಗ. ಬ್ಲೂ ನೋಟ್ ಎಂಬ ಧ್ವನಿಮುದ್ರಿಕೆ ಸಂಸ್ಥೆಯ ಪರವಾಗಿ ಧ್ವನಿಮುದ್ರಣ ತಜ್ಞ ರೂಡಿ ವ್ಯಾನ್ ಗೆಲ್ಡರ್ ತಮ್ಮ ಯಂತ್ರಗಳನ್ನು ಅಲ್ಲಿಗೆ ಹೊತ್ತು ತಂದು ಮಧ್ಯಾಹ್ನ ಮತ್ತು ಸಂಜೆಯ ಎರಡೂ ಕಛೇರಿಗಳನ್ನು ಮುದ್ರಿಸಿಕೊಂಡರು. ಮಧ್ಯಾಹ್ನ ಬಾಸ್‌ನಲ್ಲಿ ಡೊನಾಲ್ಡ್ ಬೇಯ್ಲಿ, ಡ್ರಮ್ಸ್‌ನಲ್ಲಿ ಪೀಟ್ ಲಾ ರೋಕಾ. ಸಂಜೆ ವಿಲ್ಬರ್ ವೇರ್ ಮತ್ತು ಎಲ್ವಿನ್ ಜೋನ್ಸ್.

ಆ ಸಂಜೆಯ ಸಂಗೀತದಲ್ಲಿ ಪಿಯಾನೊ ಇಲ್ಲ ಎಂಬುದೇ ಅದರ ಜೀವಾಳ. ಪಿಯಾನೊ ಇದ್ದಾಗ ಸ್ವರಗುಚ್ಛಗಳನ್ನು ಅದು ಸ್ಪಷ್ಟವಾಗಿ ನುಡಿಸಿ ತೋರಿಸುತ್ತಿರುತ್ತದೆ. ವಾದಕನಿಗೆ ಆಸರೆಯೂ ಹೌದು, ಬೇಲಿಯೂ ಹೌದು. ಅದನ್ನು ತೆಗೆದಾಗ ಹಾಡಿನ ಚೌಕಟ್ಟನ್ನು ಕೇಳುಗನಿಗೆ ತಿಳಿಸುವ ಹೊಣೆ ಒಂದೊಂದು ಸಲಕ್ಕೆ ಒಂದೇ ಸ್ವರ ನುಡಿಸಬಲ್ಲ ಎರಡು ವಾದ್ಯಗಳ ಮೇಲೆ ಬೀಳುತ್ತದೆ. 'ಓಲ್ಡ್ ಡೆವಿಲ್ ಮೂನ್' ಹಾಡನ್ನು ಕೇಳಿ ನೋಡಿ. ರಾಲಿನ್ಸ್ ಧಾಟಿಯನ್ನು ಅರ್ಧ ನುಡಿಸಿ ನಿಲ್ಲಿಸುತ್ತಾರೆ, ಆ ಬಿಡುವಿನಲ್ಲಿ ಬಾಸ್ ನಡೆಯುವುದು ಕೇಳುತ್ತದೆ, ಡ್ರಮ್ಸ್ ಅಡ್ಡಲಾಗಿ ಒಂದು ಮಾತು ಹಾಕುತ್ತದೆ, ಅದಕ್ಕೆ ಪ್ರತಿಯಾಗಿ ಸ್ಯಾಕ್ಸೊಫೋನ್ ನಿರೀಕ್ಷೆಗಿಂತ ತುಸು ತಡವಾಗಿ, ಇನ್ನೂ ಗಟ್ಟಿಯಾದ ಮಾತಿನೊಂದಿಗೆ ಬರುತ್ತದೆ. ಎಲ್ವಿನ್ ಜೋನ್ಸ್ ಮೂರರ ನಡೆಯನ್ನು ನಾಲ್ಕರ ಲಯದ ಮೇಲೆ ಹಾಸುತ್ತ ಹೋದಂತೆ ತಾಳದ ಮೊದಲ ಪೆಟ್ಟು ಎಲ್ಲಿದೆ ಎಂಬ ಸಂಶಯ ಕೇಳುಗನಿಗೆ ಬರುತ್ತದೆ. ರಾಲಿನ್ಸ್ ಅವರಿಗೆ ಬರುವುದಿಲ್ಲ. ಅವರು ತಾಳಕ್ಕಿಂತ ಹಿಂದೆ ಉಳಿಯುತ್ತಾರೆ, ಮುಂದೆ ಓಡುತ್ತಾರೆ, ಒಂದೇ ಸ್ವರವನ್ನು ಬೇರೆ ಬೇರೆ ಜಾಗದಲ್ಲಿ ಇಟ್ಟು ನೋಡುತ್ತಾರೆ, ಕೊನೆಗೆ ಆವರ್ತದ ತುದಿಗೆ ಸರಿಯಾಗಿ ಬಂದು ಸೇರುತ್ತಾರೆ. ಇದು ಅಭ್ಯಾಸ ಮಾಡಿಕೊಂಡು ಬಂದು ಒಪ್ಪಿಸಿದ ಪಾಠವಲ್ಲ ಎಂಬುದು ಕೇಳಿದ ಕೂಡಲೇ ತಿಳಿಯುತ್ತದೆ. ಒಬ್ಬ ಮನುಷ್ಯ ನಮ್ಮೆದುರಿಗೆ ಯೋಚಿಸುತ್ತಿದ್ದಾನೆ. ಯೋಚನೆ ಎಲ್ಲಿ ಮುಟ್ಟುತ್ತದೆಂದು ಅವನಿಗೂ ಪೂರ್ತಿ ತಿಳಿದಿಲ್ಲ. ಅಭಿಮಾನಿಗಳು ಅವರ ಕಛೇರಿಗಳಿಗೆ ಹಾತೊರೆದದ್ದು ಇದಕ್ಕಾಗಿ ಎಂಬುದೇ ನಾನು ಹೇಳಬೇಕೆಂದಿರುವ ಮುಖ್ಯವಾದ ಮಾತು.

ಅದೇ ಸಂಜೆಯ 'ಸನ್ನಿಮೂನ್ ಫಾರ್ ಟೂ' ಅವರದೇ ರಚನೆ. ಹನ್ನೆರಡು ಬಾರ್‌ಗಳ ಬ್ಲೂಸ್, ಎಂದರೆ ಕಪ್ಪು ಅಮೆರಿಕನ್ನರ ಜನಪದ ಗಾಯನದಿಂದ ಬಂದ ಹಾಡಿನ ಬಗೆ. ಮೇಲಿನಿಂದ ಕೆಳಗಿಳಿಯುವ ಒಂದೇ ಒಂದು ಸಣ್ಣ ಸ್ವರಸಾಲನ್ನು ಮೂರು ಬಾರಿ ನುಡಿಸಿದರೆ ರಚನೆ ಮುಗಿಯಿತು. ಇಷ್ಟು ಬಡವಾದ ಸಾಮಗ್ರಿಯಿಂದ ಅವರು ಹೊರಡಿಸುವ ಸಂಪತ್ತನ್ನು ಕಂಡಾಗ, ಕಲಿಕೆಯ ಆರಂಭದಲ್ಲಿರುವ ವಿದ್ಯಾರ್ಥಿಗೆ ಧೈರ್ಯವೂ ಹತಾಶೆಯೂ ಒಟ್ಟಿಗೆ ಬರಬಹುದು.

ಹೀಗೆ ಹೊಗಳಿಕೆಯ ನಡುವೆ ಇದ್ದವರು 1959ರ ಬೇಸಿಗೆಯಲ್ಲಿ ವೇದಿಕೆಯನ್ನೇ ಬಿಟ್ಟರು. ತಮ್ಮ ಹೆಸರು ತಮ್ಮ ವಾದನಕ್ಕಿಂತ ದೊಡ್ಡದಾಗಿದೆ, ಹಣ ಕೊಟ್ಟು ಬಂದವರಿಗೆ ಅವರು ನಿರೀಕ್ಷಿಸಿದ್ದನ್ನು ಕೊಡಲು ತಮ್ಮಿಂದ ಆಗುತ್ತಿಲ್ಲ ಎಂಬ ಭಾವನೆ ಅವರನ್ನು ಕಾಡುತ್ತಿತ್ತು. ಮ್ಯಾನ್‌ಹಟನ್‌ನ ಕೆಳಭಾಗದ ಅವರ ಮನೆಯಲ್ಲಿ ಜೋರಾಗಿ ಅಭ್ಯಾಸ ಮಾಡಿದರೆ ನೆರೆಯವರಿಗೆ ತೊಂದರೆ. ಒಂದು ದಿನ ನಡೆಯುತ್ತ ಹೋದಾಗ ಈಸ್ಟ್ ನದಿಯ ಮೇಲಿನ ವಿಲಿಯಮ್ಸ್‌ಬರ್ಗ್ ಸೇತುವೆಗೆ ಹತ್ತುವ ಮೆಟ್ಟಿಲು ಕಣ್ಣಿಗೆ ಬಿತ್ತು. ಅಂದಿನಿಂದ ಸುಮಾರು ಎರಡು ವರ್ಷ ಅದೇ ಅವರ ಅಭ್ಯಾಸದ ಜಾಗವಾಯಿತು. ಮಗ್ಗುಲಲ್ಲಿ ರೈಲು, ಕೆಳಗೆ ದೋಣಿಗಳು, ಎದುರಿಗೆ ಗಾಳಿ. ಇವೆಲ್ಲವನ್ನೂ ಮೀರಿ ಕೇಳಿಸುವಷ್ಟು ಬಲವಾಗಿ ಊದಬೇಕಾಗಿತ್ತು. ದಿನಕ್ಕೆ ಹದಿನೈದು, ಹದಿನಾರು ಗಂಟೆಗಳ ಕಾಲ ಅಲ್ಲಿ ನುಡಿಸಿದ ದಿನಗಳೂ ಇದ್ದವು ಎಂದು ಅವರು ನೆನಪಿಸಿಕೊಂಡಿದ್ದಾರೆ. ಮುಂದಿನ ವರ್ಷಗಳ ಕಛೇರಿಗಳಲ್ಲಿ ಕೇಳುಗರನ್ನು ಬೆರಗುಗೊಳಿಸಿದ ಆ ಬೃಹತ್ತಾದ ನಾದದ ಬೆಳವಣಿಗೆಯಲ್ಲಿ ಸೇತುವೆಗೆ ಪಾಲಿದೆ ಎಂದು ನಂಬಲು ಕಾರಣಗಳಿವೆ.

1961ರ ಕೊನೆಯಲ್ಲಿ ಅವರು ಮರಳಿದಾಗ ಅಭಿಮಾನಿಗಳು ಎರಡು ಪಂಗಡವಾದರು. ಅಷ್ಟರಲ್ಲಿ ಸ್ಯಾಕ್ಸೊಫೋನ್ ವಾದಕರಾದ ಜಾನ್ ಕೋಲ್ಟ್ರೇನ್ ಮತ್ತು ಆರ್ನೆಟ್ ಕೋಲ್ಮನ್ ಜಾಝ್‌ನ ದಿಕ್ಕನ್ನೇ ಬದಲಿಸಿದ್ದರು. ಎರಡು ವರ್ಷದ ಏಕಾಂತದಿಂದ ಹೊರಬಂದವರು ಅದಕ್ಕಿಂತಲೂ ಹೊಸದಾದ ಏನನ್ನಾದರೂ ತಂದಾರೆಂದು ಕೆಲವರು ಕಾದಿದ್ದರು. ಗಿಟಾರ್ ವಾದಕ ಜಿಮ್ ಹಾಲ್ ಅವರೊಂದಿಗೆ 1962ರಲ್ಲಿ ಹೊರಬಂದ 'ದಿ ಬ್ರಿಡ್ಜ್' ಅಂಥವರಿಗೆ ನಿರಾಸೆ ತಂದಿತು. ನನ್ನ ದೃಷ್ಟಿಯಲ್ಲಿ ಆ ನಿರಾಸೆ ನ್ಯಾಯವಾದದ್ದಲ್ಲ. ಅವರು ಸೇತುವೆಗೆ ಹೋದದ್ದು ಹೊಸ ಪಂಥವೊಂದನ್ನು ಹುಡುಕಲು ಅಲ್ಲ, ತಾವು ನುಡಿಸಬೇಕೆಂದುಕೊಂಡದ್ದನ್ನು ನುಡಿಸುವ ಶಕ್ತಿಯನ್ನು ಗಳಿಸಲು. ಆ ದಶಕದ ಕೊನೆಯಲ್ಲಿ ಅವರು ಮತ್ತೊಮ್ಮೆ ದೂರ ಸರಿದರು. ಆ ಕಾಲದಲ್ಲಿ ಮುಂಬಯಿಯ ಪೊವಾಯಿಯ ಆಶ್ರಮವೊಂದರಲ್ಲಿ ಯೋಗ ಮತ್ತು ವೇದಾಂತದ ಅಧ್ಯಯನಕ್ಕಾಗಿ ತಂಗಿದ್ದೂ ಉಂಟು.

ಟೆನರ್ ವಾದನದ ಮೆಚ್ಚುಗೆಗೆ ಇನ್ನೊಂದು ಮುಖವಿದೆ. ಅದನ್ನು ಬಿಟ್ಟು ಮುಂದೆ ಹೋಗುವುದು ಸರಿಯಲ್ಲ. 1956ರ ಜುಲೈನಲ್ಲಿ ಅಮೆರಿಕದ ನ್ಯೂಪೋರ್ಟ್ ಜಾಝ್ ಉತ್ಸವದಲ್ಲಿ ಡ್ಯೂಕ್ ಎಲಿಂಗ್ಟನ್ ಅವರ ವಾದ್ಯವೃಂದದ ಪಾಲ್ ಗೊನ್ಸಾಲ್ವೆಸ್ ಎಂಬ ಟೆನರ್ ವಾದಕ ಹನ್ನೆರಡು ಬಾರ್‌ಗಳ ಬ್ಲೂಸ್ ಮೇಲೆ ಒಂದೇ ಸಮನೆ 27 ಆವರ್ತಗಳನ್ನು ನುಡಿಸಿದರು. ಸಭೆಯಲ್ಲಿ ಒಬ್ಬ ಮಹಿಳೆ ಎದ್ದು ಕುಣಿಯತೊಡಗಿದರು, ವೇದಿಕೆಯ ಬದಿಯಲ್ಲಿದ್ದ ಹಿರಿಯ ಡ್ರಮ್ಸ್ ವಾದಕ ಜೋ ಜೋನ್ಸ್ ಸುತ್ತಿದ ವೃತ್ತಪತ್ರಿಕೆಯಿಂದ ತಾಳ ಹಾಕತೊಡಗಿದರು, ಸಾವಿರಾರು ಜನ ಕುರ್ಚಿ ಬಿಟ್ಟು ಎದ್ದರು. ಗೊನ್ಸಾಲ್ವೆಸ್ ಬೇರೊಂದು ಮೈಕ್ರೊಫೋನಿಗೆ ನುಡಿಸುತ್ತಿದ್ದುದರಿಂದ ಮುದ್ರಿಕೆಯಲ್ಲಿ ಅವರ ಸ್ಯಾಕ್ಸೊಫೋನ್ ದೂರದಿಂದ ಬಂದಂತೆ ಕೇಳಿ, ಜನರ ಕೂಗು ಮಾತ್ರ ಸ್ಪಷ್ಟವಾಗಿ ದಾಖಲಾಯಿತು. ಎರಡು ಮೂಲಗಳನ್ನು ಸೇರಿಸಿ ಅದನ್ನು ಸರಿಪಡಿಸಲು 1999ರವರೆಗೆ ಕಾಯಬೇಕಾಯಿತು. ಆ ರಾತ್ರಿ ಎಲಿಂಗ್ಟನ್ ಅವರ ವೃತ್ತಿಜೀವನಕ್ಕೆ ಹೊಸ ಉಸಿರು ಕೊಟ್ಟಿತು. ಆದರೂ ಎಷ್ಟು ಆವರ್ತ, ಎಷ್ಟು ನಿಮಿಷ, ಎಷ್ಟು ಮೇಲಿನ ಸ್ವರ ಎಂದು ಎಣಿಸುವ ಮೆಚ್ಚುಗೆ ಅಲ್ಲಿಂದಲೇ ಬಲಗೊಂಡಿತು ಎನಿಸುತ್ತದೆ. ಅದು ಸುಳ್ಳು ಮೆಚ್ಚುಗೆ ಎಂದು ನಾನು ಹೇಳಲಾರೆ. ದೇಹದ ಶಕ್ತಿ ವೇದಿಕೆಯ ಕಲೆಯ ಒಂದು ಭಾಗವೇ. ಆದರೆ ರಾಲಿನ್ಸ್ ಅವರ ಬಗ್ಗೆ ಎಣಿಕೆಯಿಂದ ತಿಳಿಯುವುದು ಬಹಳ ಕಡಿಮೆ, ಏಕೆಂದರೆ ಅವರ ದೀರ್ಘತೆಗೆ ಒಳಗಿನ ತರ್ಕವಿದೆ: ಹಿಡಿದ ಸ್ವರಸಮೂಹದ ಸಾಧ್ಯತೆಗಳು ಮುಗಿದಿಲ್ಲವೆಂದು ಅವರು ಮುಂದುವರಿಯುತ್ತಾರೆ, ಮುಗಿದಾಗ ಥಟ್ಟನೆ ನಿಲ್ಲಿಸುತ್ತಾರೆ.

1970ರ ದಶಕದ ನಂತರದ ಅವರ ಕಛೇರಿಗಳಲ್ಲಿ ಜನ ಎದುರುನೋಡುತ್ತಿದ್ದ ಭಾಗ ಯಾವುದೆಂದರೆ ಜೊತೆಯವರೆಲ್ಲ ನಿಲ್ಲಿಸಿ ಅವರೊಬ್ಬರೇ ನುಡಿಸುವ ಭಾಗ. 1978ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಗ್ರೇಟ್ ಅಮೆರಿಕನ್ ಮ್ಯೂಸಿಕ್ ಹಾಲ್‌ನಲ್ಲಿ ಮುದ್ರಣಗೊಂಡ 'ಆಟಮ್ ನಾಕ್ಟರ್ನ್' ಇದಕ್ಕೆ ಒಳ್ಳೆಯ ಉದಾಹರಣೆ. ಹಾಡು ಆರಂಭವಾಗುವ ಮೊದಲು ಅವರು ಒಬ್ಬಂಟಿಯಾಗಿ ನುಡಿಸುತ್ತಾರೆ. ತಾಳವಿಲ್ಲ, ಗೊತ್ತಾದ ಚೌಕಟ್ಟಿಲ್ಲ. ಹಳೆಯ ಹಾಡುಗಳ ತುಣುಕುಗಳು ಬಂದು ಹೋಗುತ್ತವೆ, ವಾದ್ಯದ ತಳದಿಂದ ಒಂದು ಗುಡುಗು ಬರುತ್ತದೆ, ಮರುಕ್ಷಣ ಮೇಲಿನ ಸ್ಥಾಯಿಯಲ್ಲಿ ಒಂದು ಕೂಗು. ಸಭಿಕರು ನಡುನಡುವೆ ಕೇಕೆ ಹಾಕುವುದೂ ಅದಕ್ಕೆ ಅವರ ವಾದನ ಇನ್ನಷ್ಟು ಸಾಹಸಕ್ಕೆ ಇಳಿಯುವುದೂ ಆ ಮುದ್ರಣದಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಕೊನೆಗೆ ತಂಡ ಒಟ್ಟಾಗಿ ಹಾಡಿನ ಧಾಟಿಗೆ ಬಂದು ಸೇರಿದಾಗ ಸಭೆಯಿಂದ ಏಳುವ ಉದ್ಗಾರವನ್ನು ಎಷ್ಟು ಬಾರಿ ಕೇಳಿದರೂ ನನಗೆ ರೋಮಾಂಚನವಾಗುತ್ತದೆ. 1985ರಲ್ಲಿ ಅವರು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ ಶಿಲ್ಪವನದಲ್ಲಿ ಇಡೀ ಕಛೇರಿಯನ್ನು ಹೀಗೆ ಒಬ್ಬರೇ ನಡೆಸಿದರು. ನನ್ನ ಅಭಿಪ್ರಾಯದಲ್ಲಿ ಅದು ಅವರ ಒಂಟಿ ವಾದನದ ಅತ್ಯುತ್ತಮ ಮಾದರಿಯಲ್ಲ. ಜೊತೆಗಾರರು ಮರಳಿ ಬಂದೇ ಬರುತ್ತಾರೆಂಬ ನಿರೀಕ್ಷೆ ಇಲ್ಲದಿದ್ದಾಗ ಆ ಅಲೆದಾಟಕ್ಕೆ ಸೆಳೆತ ಕಡಿಮೆಯಾಗುತ್ತದೆ.

ಹಳೆಯ ಹಾಡುಗಳ ತುಣುಕುಗಳನ್ನು ನಡುವೆ ಸೇರಿಸುವ ಅವರ ಅಭ್ಯಾಸವನ್ನು ಕೆಲವು ವಿಮರ್ಶಕರು ಹಗುರವಾದ ತಮಾಷೆ ಎಂದು ಬಗೆದದ್ದುಂಟು. ರಸಿಕರು ಹಾಗೆ ಭಾವಿಸಲಿಲ್ಲ, ನಾನೂ ಭಾವಿಸುವುದಿಲ್ಲ. ಬಾಲ್ಯದಲ್ಲಿ ರೇಡಿಯೋ ಮತ್ತು ಸಿನಿಮಾಗಳಿಂದ ಕಿವಿಗೆ ಬಿದ್ದ ಹಾಡುಗಳು, ಕೆರೀಬಿಯನ್ ಸಮುದ್ರದ ವರ್ಜಿನ್ ದ್ವೀಪಗಳ ಮೂಲದ ತಾಯಿಯಿಂದ ಕೇಳಿದ ಕ್ಯಾಲಿಪ್ಸೊ ಧಾಟಿಗಳು, ಇವೆಲ್ಲ ಅವರ ನೆನಪಿನ ಮೇಲುಪದರದಲ್ಲೇ ಇದ್ದವು. ಯೋಚನೆ ಓಡುವಾಗ ಒಂದು ಸ್ವರಸಂಬಂಧ ಇನ್ನೊಂದನ್ನು ಎಳೆದು ತರುತ್ತದೆ. ತಂದದ್ದು ಆ ಜಾಗದ ಸ್ವರಗುಚ್ಛಕ್ಕೆ ಸರಿಯಾಗಿ ಕೂರುತ್ತದೆ. ಸಭಿಕನಿಗೆ ಅದು ಪರಿಚಿತ ಮುಖ ಕಂಡ ಸಂತೋಷ. 'ಸೇಂಟ್ ಥಾಮಸ್' ಅಥವಾ 'ಡೋಂಟ್ ಸ್ಟಾಪ್ ದ ಕಾರ್ನಿವಲ್' ನುಡಿಸುವಾಗ, ವಾದ್ಯದ ಬಾಯಿಗೆ ಸಿಕ್ಕಿಸಿದ ಪುಟ್ಟ ಮೈಕ್ರೊಫೋನಿನ ನೆರವಿನಿಂದ ಅವರು ವೇದಿಕೆಯ ಈ ತುದಿಯಿಂದ ಆ ತುದಿಗೆ ನಡೆದಾಡುತ್ತ, ಒಂದೊಂದು ಬದಿಯ ಜನರಿಗೂ ಪ್ರತ್ಯೇಕವಾಗಿ ನುಡಿಸಿದಂತೆ ನುಡಿಸುತ್ತಿದ್ದರು.

ಆ ಓಡಾಟದ ಅತಿರೇಕಕ್ಕೆ ಚಿತ್ರದಾಖಲೆಯೇ ಇದೆ. 1986ರಲ್ಲಿ ನ್ಯೂಯಾರ್ಕ್ ರಾಜ್ಯದ ಸಾಗರ್ಟೀಸ್ ಬಳಿಯ, ಹಳೆಯ ಕಲ್ಲುಗಣಿಯೊಂದರಲ್ಲಿ ಕಟ್ಟಲಾದ 'ಓಪಸ್ 40' ಎಂಬ ಶಿಲ್ಪಸ್ಥಳದಲ್ಲಿ ಅವರ ಕಛೇರಿಯನ್ನು ಸಾಕ್ಷ್ಯಚಿತ್ರ ನಿರ್ದೇಶಕ ರಾಬರ್ಟ್ ಮಗ್ ಚಿತ್ರೀಕರಿಸುತ್ತಿದ್ದರು. ನುಡಿಸುತ್ತಿದ್ದ ರಾಲಿನ್ಸ್ ಕಲ್ಲಿನ ಎತ್ತರದಿಂದ ಕೆಳಕ್ಕೆ ಹಾರಿ ಬಿದ್ದರು. ಜೊತೆಗಾರರು ಏನಾಯಿತೆಂದು ನೋಡುತ್ತಿರುವಾಗಲೇ, ಬೆನ್ನ ಮೇಲೆ ಮಲಗಿದ್ದ ಸ್ಥಿತಿಯಲ್ಲಿಯೇ ಅವರು ಸ್ಯಾಕ್ಸೊಫೋನನ್ನು ಬಾಯಿಗೆತ್ತಿಕೊಂಡು ನುಡಿಸತೊಡಗಿದರು. ಹಿಮ್ಮಡಿಯ ಮೂಳೆ ಮುರಿದಿತ್ತೆಂಬುದು ಆಮೇಲೆ ತಿಳಿಯಿತು. ಅಭಿಮಾನಿಗಳು ಈ ಪ್ರಸಂಗವನ್ನು ವೀರಗಾಥೆಯಂತೆ ಹೇಳುವುದುಂಟು. ನನಗೆ ಅದರಲ್ಲಿ ಮುಖ್ಯವಾಗಿ ಕಾಣುವುದು, ಹಿಡಿದ ಸಂಗೀತವಾಕ್ಯ ಪೂರ್ತಿಯಾಗದೆ ಬಿಡಲಾರದ ಅವರ ಸ್ವಭಾವ.

ಎಲ್ಲ ರಾತ್ರಿಗಳೂ ಹೀಗಿರಲಿಲ್ಲ. ಈ ಮಾತನ್ನು ಅವರ ಅತಿ ನಿಷ್ಠ ಅಭಿಮಾನಿಗಳೇ ಹೇಳುತ್ತಾರೆ. ಕೆಲವು ರಾತ್ರಿ ಅವರು ಹುಡುಕುತ್ತಲೇ ಇರುತ್ತಿದ್ದರು. ಸಿಕ್ಕದೆ ಕಛೇರಿ ಮುಗಿಯುತ್ತಿತ್ತು. ಸಿದ್ಧಪಡಿಸಿದ ಚಮತ್ಕಾರಗಳನ್ನು ಪ್ರತಿದಿನ ಒಪ್ಪಿಸುವ ವಾದಕನಿಗೆ ಇಂಥ ಸೋಲು ಬರುವುದಿಲ್ಲ. ಆದರೆ ಯೋಚನೆಯನ್ನು ವೇದಿಕೆಯ ಮೇಲೆಯೇ ನಡೆಸುವವನು ಸೋಲಿನ ಸಾಧ್ಯತೆಯನ್ನು ಒಪ್ಪಿಕೊಂಡೇ ಬಂದಿರುತ್ತಾನೆ, ಅವನ ರಸಿಕರೂ ಅದನ್ನು ಒಪ್ಪಿಕೊಂಡೇ ಟಿಕೆಟ್ ಕೊಳ್ಳುತ್ತಾರೆ. ಅವರ ಪೈಕಿ ಹಲವರು ಊರಿಂದ ಊರಿಗೆ ಹಿಂಬಾಲಿಸಿ ಹೋದದ್ದು ಇದೇ ಕಾರಣಕ್ಕೆ. ಮತ್ತೊಂದು ಕಡೆ, 1972ರಿಂದ ಅವರು ಸ್ಟುಡಿಯೋದಲ್ಲಿ ಮಾಡಿದ ಮುದ್ರಿಕೆಗಳು ಅನೇಕರಿಗೆ ಸಪ್ಪೆ ಎನಿಸಿದವು. ಸಭಿಕರಿಲ್ಲದ ಕೋಣೆಯಲ್ಲಿ ಅವರು ತಮ್ಮನ್ನು ತಾವೇ ಕಟ್ಟಿಹಾಕಿಕೊಂಡಂತೆ ಕೇಳುತ್ತದೆ. ತಮ್ಮ ಹಳೆಯ ವಾದನವನ್ನು ಕೇಳುವುದೇ ಅವರಿಗೆ ಹಿಂಸೆಯಾಗಿತ್ತು. ತಪ್ಪುಗಳಷ್ಟೇ ಕಿವಿಗೆ ಬೀಳುತ್ತಿದ್ದವು.

ಇಲ್ಲಿಯೇ ಅಭಿಮಾನಿಗಳು ಕಛೇರಿಗಳನ್ನು ತಾವೇ ಮುದ್ರಿಸಿಕೊಂಡು ಚರಿತ್ರೆಯೊಳಗೆ ಕೈ ಹಾಕಿದರು. ಜಾಝ್‌ನಲ್ಲಿ ಇದಕ್ಕೆ ಹಿಂದಿನ ನಿದರ್ಶನವಿದೆ. ಡೀನ್ ಬೆನೆಡೆಟ್ಟಿ ಎಂಬ ಸ್ಯಾಕ್ಸೊಫೋನ್ ವಾದಕ 1947 ಮತ್ತು 1948ರಲ್ಲಿ ಆಲ್ಟೊ ಸ್ಯಾಕ್ಸೊಫೋನಿನ ಹೆಸರಾಂತ ವಾದಕ ಚಾರ್ಲಿ ಪಾರ್ಕರ್ ಅವರ ಕಛೇರಿಗಳಿಗೆ ಯಂತ್ರ ಹೊತ್ತು ಹೋಗಿ, ಪಾರ್ಕರ್ ನುಡಿಸುವಾಗ ಮಾತ್ರ ಮುದ್ರಿಸಿಕೊಂಡು ಇತರರ ಸರದಿ ಬಂದಾಗ ಯಂತ್ರ ನಿಲ್ಲಿಸುತ್ತಿದ್ದರು. ಆ ಸಂಗ್ರಹ ಬೆಳಕು ಕಂಡದ್ದು 1990ರಲ್ಲಿ. ಇಂಥ ಪ್ರೀತಿಯಲ್ಲಿ ಕಿವುಡುತನವೂ ಇದೆ, ಏಕೆಂದರೆ ಜೊತೆಗಾರರ ಮಾತಿಗೆ ಕೊಟ್ಟ ಉತ್ತರವನ್ನು ಮಾತ್ರ ಉಳಿಸಿಕೊಂಡರೆ ಪ್ರಶ್ನೆ ಏನಿತ್ತೆಂದು ತಿಳಿಯುವುದಿಲ್ಲ. ರಾಲಿನ್ಸ್ ಅವರ ಅಭಿಮಾನಿಗಳು ಹೀಗೆ ಕತ್ತರಿಸಲಿಲ್ಲ. ದಶಕಗಳ ಕಾಲ ಬೇರೆ ಬೇರೆ ದೇಶಗಳ ಸಭಾಂಗಣಗಳಲ್ಲಿ ಅವರ ಪೂರ್ಣ ಕಛೇರಿಗಳು ಸಭಿಕರ ಕಡೆಯಿಂದ ಮುದ್ರಣಗೊಂಡು ಕೈಯಿಂದ ಕೈಗೆ ಹೋಗುತ್ತಿದ್ದವು. ಅಮೆರಿಕದ ಒಬ್ಬ ಸಂಗ್ರಾಹಕರು ಅವನ್ನೆಲ್ಲ ತಾಳ್ಮೆಯಿಂದ ಒಂದೆಡೆ ಕೂಡಿಸಿದರು. ಒಪ್ಪಿಗೆಯಿಲ್ಲದೆ ಮುದ್ರಿಸುವುದು ಕಲಾವಿದನ ಹಕ್ಕಿಗೆ ಧಕ್ಕೆ ತರುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ, ರಾಲಿನ್ಸ್ ಅವರಿಗೂ ಅದು ಹಿತವಾದ ಸಂಗತಿಯಾಗಿರಲಿಲ್ಲ. ಆದರೂ ಆ ಸಂಗ್ರಹ ಇಲ್ಲದಿದ್ದರೆ ನಮಗೆ ಆಗುತ್ತಿದ್ದ ನಷ್ಟ ದೊಡ್ಡದು.

2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರ್ ಕಟ್ಟಡಗಳು ಉರುಳಿದಾಗ 71 ವರ್ಷದ ರಾಲಿನ್ಸ್ ಅಲ್ಲಿಗೆ ಕೆಲವೇ ಬೀದಿಗಳ ದೂರದ ತಮ್ಮ ಎತ್ತರದ ಮನೆಯಲ್ಲಿದ್ದರು. ಮರುದಿನ ಆ ಕಟ್ಟಡವನ್ನು ತೆರವು ಮಾಡಿಸಿದಾಗ ಅವರು ಸ್ಯಾಕ್ಸೊಫೋನನ್ನು ಹಿಡಿದು ಹೊರಬಂದರು. ನಾಲ್ಕು ದಿನಗಳ ನಂತರ, 15ರಂದು ಬಾಸ್ಟನ್‌ನ ಬರ್ಕ್ಲೀ ಪರ್ಫಾರ್ಮೆನ್ಸ್ ಸೆಂಟರ್‌ನಲ್ಲಿ ಅವರ ಕಛೇರಿ ನಿಗದಿಯಾಗಿತ್ತು. ಅದನ್ನು ರದ್ದುಮಾಡಬೇಕೆಂದಿದ್ದ ರಾಲಿನ್ಸ್ ಅವರನ್ನು ನುಡಿಸುವಂತೆ ಪತ್ನಿ ಲೂಸಿಲ್ ಒಪ್ಪಿಸಿದರು. ಸಭೆಯಲ್ಲಿದ್ದ ಆ ಸಂಗ್ರಾಹಕರು ಮಾಡಿಕೊಂಡ ಮುದ್ರಣವೇ 2005ರಲ್ಲಿ ಅಧಿಕೃತವಾಗಿ ಹೊರಬಂತು. ಅದರಲ್ಲಿನ 'ವೈ ವಾಸ್ ಐ ಬಾರ್ನ್' ವಾದನಕ್ಕೆ 2006ರಲ್ಲಿ ಗ್ರ್ಯಾಮಿ ಪ್ರಶಸ್ತಿಯೂ ಬಂತು. ಆ ಮುದ್ರಣದಲ್ಲಿ ದುಃಖದ ಪ್ರದರ್ಶನವಿಲ್ಲ. ನಾದ ಒರಟಾಗಿದೆ, ವಾಕ್ಯಗಳು ಉದ್ದವಾಗಿವೆ, ಒಂದು ಸ್ವರಸಾಲನ್ನು ಬಿಡಲೊಲ್ಲದೆ ಮತ್ತೆ ಮತ್ತೆ ಹಿಡಿಯುವ ಹಟವಿದೆ. ಅಂದು ಸಭೆಯಲ್ಲಿ ಕುಳಿತವರು ಪ್ರತಿಯೊಂದು ವಾದನದ ಕೊನೆಗೂ ಕೊಡುವ ಚಪ್ಪಾಳೆಯಲ್ಲಿ ಕೃತಜ್ಞತೆ ಎದ್ದು ಕೇಳುತ್ತದೆ.

ಲೂಸಿಲ್ 2004ರಲ್ಲಿ ತೀರಿಕೊಂಡ ಮೇಲೆ ರಾಲಿನ್ಸ್ 'ಡಾಕ್ಸಿ' ಎಂಬ ತಮ್ಮದೇ ಧ್ವನಿಮುದ್ರಿಕೆ ಸಂಸ್ಥೆಯನ್ನು ಆರಂಭಿಸಿ, 2008ರಿಂದ 'ರೋಡ್ ಶೋಸ್' ಎಂಬ ಸರಣಿಯಲ್ಲಿ ಕಛೇರಿಗಳ ಆಯ್ದ ಭಾಗಗಳನ್ನು ಹೊರತಂದರು. ಮೊದಲ ಸಂಪುಟಕ್ಕೆ ಆ ಅಭಿಮಾನಿಯ ಸಂಗ್ರಹದಿಂದಲೂ ಆಯ್ಕೆಗಳು ಬಂದವು. ಅದರಲ್ಲಿ 1980ರಲ್ಲಿ ವಾರ್ಸಾದಲ್ಲಿ ನುಡಿಸಿದ 'ಈಸಿ ಲಿವಿಂಗ್' ಒಂದನ್ನೇ ಕೇಳಿದರೂ ಆ ವರ್ಷಗಳ ಸ್ಟುಡಿಯೋ ಮುದ್ರಿಕೆಗಳ ಬಗ್ಗೆ ಅಭಿಮಾನಿಗಳಿಗಿದ್ದ ಅಸಮಾಧಾನ ಅರ್ಥವಾಗುತ್ತದೆ. ಅವರು ಹೇಳುತ್ತಿದ್ದ ರಾಲಿನ್ಸ್ ಕಟ್ಟುಕಥೆಯಾಗಿರಲಿಲ್ಲ. ತಮ್ಮ ವಾದನವನ್ನು ಕೇಳಲಾರದಿದ್ದ ಕಲಾವಿದ, ತಮ್ಮನ್ನು ಪ್ರೀತಿಸಿದವರು ಉಳಿಸಿಟ್ಟಿದ್ದನ್ನು ಕೇಳಿ, ಅದರಲ್ಲಿ ಲೋಕಕ್ಕೆ ಕೊಡಬಹುದಾದದ್ದು ಇದೆ ಎಂದು ಕೊನೆಗೆ ಒಪ್ಪಿದರು.

ಆ ಸರಣಿಯ ಎರಡನೆಯ ಸಂಪುಟದಲ್ಲಿ 2010ರ ಸೆಪ್ಟೆಂಬರ್ 10ರಂದು ನ್ಯೂಯಾರ್ಕಿನ ಬೀಕನ್ ಥಿಯೇಟರ್‌ನಲ್ಲಿ ನಡೆದ ಎಂಬತ್ತನೆಯ ಹುಟ್ಟುಹಬ್ಬದ ಕಛೇರಿಯ ಭಾಗಗಳಿವೆ. ಬಾಸ್‌ನಲ್ಲಿ ಕ್ರಿಶ್ಚಿಯನ್ ಮೆಕ್‌ಬ್ರೈಡ್, ಡ್ರಮ್ಸ್‌ನಲ್ಲಿ ರಾಲಿನ್ಸ್ ಅವರಿಗಿಂತಲೂ ಹಿರಿಯರಾದ ರಾಯ್ ಹೇನ್ಸ್, ಪಿಯಾನೊ ಇಲ್ಲ. 'ಸನ್ನಿಮೂನ್ ಫಾರ್ ಟೂ' ನಡೆಯುತ್ತಿರುವಾಗ ಆರ್ನೆಟ್ ಕೋಲ್ಮನ್ ವೇದಿಕೆಗೆ ಬಂದರು. ಸಭಿಕರ ಎದುರಿಗೆ ಇಬ್ಬರೂ ಒಟ್ಟಿಗೆ ನುಡಿಸಿದ್ದು ಅದೇ ಮೊದಲು. ಕೋಲ್ಮನ್ ಆವರ್ತದ ಚೌಕಟ್ಟನ್ನು ಲೆಕ್ಕಿಸದೆ ತಮ್ಮದೇ ದಾರಿಯಲ್ಲಿ ನುಡಿಸಿದಾಗ ರಾಲಿನ್ಸ್ ತಮ್ಮ ಹಳೆಯ ಬ್ಲೂಸ್‌ಗೆ ಅಂಟಿಕೊಳ್ಳಲಿಲ್ಲ. ಗೆಳೆಯನ ದಾರಿಗೆ ಇಳಿದು, ತಮ್ಮ ಸ್ವರಗಳನ್ನೂ ಬಾಗಿಸಿ, ಒಡೆದು, ಅಲ್ಲಿಂದ ಏನು ಕಾಣುತ್ತದೆಂದು ಹುಡುಕತೊಡಗಿದರು. ಇಪ್ಪತ್ತು ನಿಮಿಷ ಮೀರುವ ಆ ವಾದನದಲ್ಲಿ ಎಂಬತ್ತರ ಮನುಷ್ಯ ಸಾವಿರಾರು ಜನರ ಮುಂದೆ ಹೊಸ ಪಾಠಕ್ಕೆ ಕುಳಿತಿದ್ದಾನೆ. ಮುಂದೆ ಎರಡು ವರ್ಷಗಳಷ್ಟೇ ಅವರು ವೇದಿಕೆಯ ಮೇಲೆ ನುಡಿಸಿದರು. ಶ್ವಾಸಕೋಶದ ಕಾಯಿಲೆಯಿಂದಾಗಿ 2012ರ ನಂತರ ಕಛೇರಿಗಳು ನಿಂತವು.

ಅವರನ್ನು ಹೊಸದಾಗಿ ಕೇಳಬೇಕೆಂದಿರುವವರಿಗೆ ನನ್ನ ವಿನಂತಿ ಇಷ್ಟು. ವ್ಯಾನ್‌ಗಾರ್ಡ್‌ನ ಸಂಜೆಯ ಕಛೇರಿಯಿಂದ ಆರಂಭಿಸಿ, 'ಓಲ್ಡ್ ಡೆವಿಲ್ ಮೂನ್' ಹಾಡನ್ನು ಮೊದಲ ಸಲ ಸ್ಯಾಕ್ಸೊಫೋನಿಗೆ, ಎರಡನೆಯ ಸಲ ಡ್ರಮ್ಸ್‌ಗೆ, ಮೂರನೆಯ ಸಲ ಬಾಸ್‌ಗೆ ಕಿವಿಗೊಟ್ಟು ಕೇಳಿ. ಆವರ್ತ ಮನಸ್ಸಿನಲ್ಲಿ ಕುಳಿತ ಮೇಲೆ ಬಾಸ್ಟನ್‌ನ ಕಛೇರಿಗೆ ಹೋಗಿ. ಸ್ಟುಡಿಯೋದ ಮುದ್ರಿಕೆಗಳನ್ನು ಆಮೇಲೆ ಕೇಳಬಹುದು.